ಗ್ಯಾರೇಜಿನಲ್ಲಿ ಚಟ್ನಿ, ವೇದಿಕೆಯ ಮೇಲೆ ನೀರಜಾ

ನೀರಜಾ ಕಾಲೇಜಿಗೆ ಸೇರಿದ್ದು ವಿದ್ಯೆಯ ಹಸಿವಿನಿಂದ ಎಂದು ಯಾರಾದರೂ ಭಾಷಣ ಬಿಗಿದರೆ ನಂಬಬೇಡಿ. ಅವಳು ಸೇರಿದ್ದು ಹಟಕ್ಕೆ.

2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಕ್ಯಾಲಿಫೋರ್ನಿಯಾದ ಪೋರ್ಟರ್ ರ್ಯಾಂಚ್‌ನ ಗುಡ್ಡದ ಮೇಲಿನ ಅವಳ ಮನೆ ಆಫೀಸಾಯಿತು. ಗಂಡ ಕೇಶವಮೂರ್ತಿ ಟೆಲಿಕಾಂ ಎಂಜಿನಿಯರು. ಊಟದ ಮೇಜಿನ ಮೇಲೆ ಎರಡು ಪರದೆ ಹೂಡಿಕೊಂಡು ಕೂತ. ಮಗಳು ಮಧುರಾ ಲಾ ಹೋಯಾದ ಯೂನಿವರ್ಸಿಟಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಮಹಡಿಯ ಕೋಣೆ ಹಿಡಿದಳು. ಅಂದಿನಿಂದ ನೀರಜಾ ಬಾಯಿ ತೆರೆದರೆ ಸಾಕು, ಒಬ್ಬರು ತುಟಿಯ ಮೇಲೆ ಬೆರಳಿಡುತ್ತಿದ್ದರು, ಇನ್ನೊಬ್ಬರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕುಕ್ಕರ್ ಕೂಗುವಂತಿಲ್ಲ, ಒಗ್ಗರಣೆ ಚಟಪಟ ಅನ್ನುವಂತಿಲ್ಲ. ಮಿಕ್ಸಿಯನ್ನಂತೂ ಗಂಡ ತಾನೇ ಹೊತ್ತುಕೊಂಡು ಹೋಗಿ ಗ್ಯಾರೇಜಿನಲ್ಲಿ ವಾಷಿಂಗ್ ಮಷೀನಿನ ಪಕ್ಕ ಇಟ್ಟುಬಂದ. ಅಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಕಾರಿಗೂ ಗೋಡೆಗೂ ನಡುವೆ ನಿಂತು ಕಾಯಿಚಟ್ನಿ ರುಬ್ಬಬೇಕಾಯಿತು. ತಿನ್ನುವ ಹೊತ್ತಿಗೆ ಮಾತ್ರ ಇಬ್ಬರಿಗೂ ಯಾವ ಮೀಟಿಂಗೂ ಇರುತ್ತಿರಲಿಲ್ಲ.

ಒಂದು ದಿನ ಅವಳ ತಲೆ ಕೆಟ್ಟಿತು. ಇವರಿಗೆಲ್ಲ ಮೀಟಿಂಗ್ ಇದೆ, ನನಗಿಲ್ಲ, ಅದಕ್ಕೇ ನನಗೆ ಈ ಗತಿ ಎಂದು ತೀರ್ಮಾನಿಸಿದಳು. ಯಾವ ವಯಸ್ಸಿನವರನ್ನೂ ಸೇರಿಸಿಕೊಳ್ಳುವ ಹತ್ತಿರದ ಕಮ್ಯುನಿಟಿ ಕಾಲೇಜಿನ ಆನ್‌ಲೈನ್ ಕ್ಲಾಸುಗಳ ವೇಳಾಪಟ್ಟಿ ತೆಗೆದು, ಕೇಶವಮೂರ್ತಿ ಅತಿ ಜೋರಾಗಿ ಅರಚುವ ಹೊತ್ತಿಗೆ ಯಾವ ಕ್ಲಾಸು ಇದೆ ಎಂದು ಹುಡುಕಿದಳು. ಸಿಕ್ಕಿದ್ದು ಸಾಗರಶಾಸ್ತ್ರ. ಇವಳೋ ಚಿತ್ರದುರ್ಗದವಳು, ಕ್ಯಾಲಿಫೋರ್ನಿಯಾದ ಸಮುದ್ರದಲ್ಲೂ ಕಣಕಾಲಿನಿಂದ ಮೇಲೆ ನೆನೆದವಳಲ್ಲ. ಆದರೂ ಅಪ್ಲೈ ಮಾಡಿದಳು. ಮೊದಲ ಕ್ಲಾಸಿನ ದಿನ ಲ್ಯಾಪ್‌ಟಾಪ್ ತೆರೆದು, ಗಂಡನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟಳು. ಆ ಸುಖಕ್ಕೆ ಯಾವ ಡಿಗ್ರಿಯೂ ಸಾಟಿಯಲ್ಲ.

ಎಡವಟ್ಟಾದದ್ದೆಂದರೆ, ಓದು ಹಿಡಿಸಿಬಿಟ್ಟಿತು. ಮದುವೆಯ ಗಡಿಬಿಡಿಯಲ್ಲಿ ಬಿ.ಎ. ಎರಡನೇ ವರ್ಷಕ್ಕೆ ನಿಂತುಹೋಗಿದ್ದ ತಲೆಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ. ಸಾಗರಶಾಸ್ತ್ರದ ನಂತರ ಇಂಗ್ಲಿಷ್, ಆಮೇಲೆ ಸ್ಟ್ಯಾಟಿಸ್ಟಿಕ್ಸ್, ಎಲ್ಲದರಲ್ಲೂ ಎ ಗ್ರೇಡ್. ಕೇಶವಮೂರ್ತಿ ಮಾತ್ರ ಒಂದು ದಿನವೂ ಏನು ಓದುತ್ತಿದ್ದೀಯ ಎಂದು ಕೇಳಲಿಲ್ಲ. ಅವಳೇನೋ ಟೈಮ್‌ಪಾಸ್‌ಗೆ ಮಾಡಿಕೊಂಡಿದ್ದಾಳೆ ಎಂದು ಅವನು ಸ್ನೇಹಿತನಿಗೆ ಫೋನಿನಲ್ಲಿ ಹೇಳಿದ್ದು ಅವಳ ಕಿವಿಗೆ ಬಿತ್ತು. ಆ ಮಾತು ಅವಳಿಗೆ ಚೆನ್ನಾಗಿಯೇ ನಾಟಿತು.

2022ರ ವಸಂತದಲ್ಲಿ ಕಾಲೇಜಿನ ಆನರ್ ಸೊಸೈಟಿಯಿಂದ ಈಮೇಲ್ ಬಂತು. ಒಳ್ಳೆಯ ಅಂಕ ತೆಗೆದವರನ್ನು ಆರಿಸಿ ಸದಸ್ಯರನ್ನಾಗಿ ಮಾಡಿಕೊಳ್ಳುವ ಸಂಘ ಅದು. ಹೆಸರೆಂದರೆ ಮೂರು ಗ್ರೀಕ್ ಅಕ್ಷರ, ಹೈಸ್ಕೂಲಿನ ಗಣಿತದಲ್ಲಿ ಕಾಟ ಕೊಟ್ಟಂಥವು. ಅಂಥ ಸಂಘಗಳ ವಿಚಾರ ಅವಳಿಗೆ ತಿಳಿದದ್ದು ಗೆಳತಿ ವತ್ಸಲಾಳ ದಯೆಯಿಂದ. ಪದವಿ ಪಡೆದ ದಿನ ಕೊರಳಲ್ಲಿ ಅಂಥದೊಂದು ಸಂಘದ ಬಂಗಾರದ ಬಣ್ಣದ ಹುರಿ ಹಾಕಿಕೊಂಡ ಮಗನ ಫೋಟೊವನ್ನು ವತ್ಸಲಾ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಯಾರೂ ನೋಡಲಿಲ್ಲವೇನೋ ಎಂದು ಮತ್ತೆ ಮತ್ತೆ ಹಾಕಿದ್ದಳು.

ನೀರಜಾ ಈಮೇಲ್ ತೋರಿಸಿದಾಗ ಕೇಶವಮೂರ್ತಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಫ್ರಾಡ್ ಇರ್ಬೇಕು ನೋಡು. ಈ ವಯಸ್ಸಲ್ಲಿ ನಿಂಗ್ಯಾರು ಆನರ್ ಕೊಡ್ತಾರೆ?" ಅಂದ. ಯೂನಿವರ್ಸಿಟಿ ಮತ್ತೆ ತೆರೆದ ಮೇಲೆ ಅಲ್ಲಿಗೆ ಮರಳಿ, ವಾರಾಂತ್ಯಕ್ಕಷ್ಟೇ ಮನೆಗೆ ಬಂದಿದ್ದ ಮಧುರಾ, ಕನ್ನಡವೆಲ್ಲ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, "ಅಮ್ಮ, ಡೋಂಟ್ ಕ್ಲಿಕ್ ಎನಿಥಿಂಗ್," ಎಂದಳು. ಅವಳಿಗೆ ಅವಳ ಯೂನಿವರ್ಸಿಟಿಯಲ್ಲಿ ಇಂಥ ಈಮೇಲ್ ಬಂದಿರಲಿಲ್ಲ ಎಂಬ ಸಂಗತಿಯನ್ನು ಇಲ್ಲಿ ಎತ್ತದಿರುವುದೇ ಒಳ್ಳೆಯದು.

ನೀರಜಾ ತಾನೇ ಡ್ರೈವ್ ಮಾಡಿಕೊಂಡು ಕಾಲೇಜಿಗೆ ಹೋಗಿ, ಸಂಘ ನೋಡಿಕೊಳ್ಳುವ ಪ್ರೊಫೆಸರರನ್ನು ಕಂಡು, ಇದು ನಿಜವೇ ಎಂದು ವಿಚಾರಿಸಿದಳು. ನಿಜ, ನಿಮ್ಮ ಅಂಕ ನೋಡಿಯೇ ಕರೆದದ್ದು ಎಂದರು ಆಕೆ. ಸೇರ್ಪಡೆಯ ದಿನ ಒಬ್ಬೊಬ್ಬರೂ ಒಂದು ಮೇಣದಬತ್ತಿ ಹಚ್ಚಿ, ತಾವು ಯಾಕೆ ಓದುತ್ತೇವೆ ಎಂದು ಎರಡು ಮಾತಾಡಬೇಕಂತೆ. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ನೀರಜಾ ಸ್ವಲ್ಪ ಹೊತ್ತು ಅತ್ತಳು. ಹುರಿಯೂ ಬೇಡ, ಸರ್ಟಿಫಿಕೇಟೂ ಬೇಡ; ಆ ಎರಡು ಮಾತನ್ನು ಕೇಶವಮೂರ್ತಿ ಎದುರಿಗೆ ಕೂತು, ಬಾಯಿ ಮುಚ್ಚಿಕೊಂಡು ಕೇಳಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಬರುತ್ತೇನೆ ಎಂದ ಗಂಡ ಬಂದ. ಆದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಬಂದ. ಸಣ್ಣದೊಂದು ಕಾಲ್ ಇದೆ, ಮ್ಯೂಟ್‌ನಲ್ಲಿರುತ್ತೇನೆ ಎಂದು ಸಮಾಧಾನ ಹೇಳಿ, ಮಗಳ ಜೊತೆ ಎರಡನೇ ಸಾಲಿನಲ್ಲಿ ಕುಳಿತ. ಬೆಂಕಿಯ ಭಯಕ್ಕೆ ಕಾಲೇಜಿನವರು ಬ್ಯಾಟರಿಯ ಮೇಣದಬತ್ತಿ ತರಿಸಿದ್ದರು. ಗುಂಡಿ ಒತ್ತಿದರೆ ಜ್ಞಾನದ ಬೆಳಕು, ಇನ್ನೊಮ್ಮೆ ಒತ್ತಿದರೆ ಕತ್ತಲು. ಮಧುರಾಳಿಗಿಂತ ಚಿಕ್ಕ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು, ಗುಂಡಿ ಒತ್ತಿ, ಜಗತ್ತನ್ನೇ ಬದಲಾಯಿಸುತ್ತೇವೆಂದು ಹೇಳಿ ಹೋದರು.

ನೀರಜಾಳ ಸರದಿ ಬಂತು. ಮೈಸೂರು ಸಿಲ್ಕ್ ಸೀರೆಯ ನೆರಿಗೆ ಎತ್ತಿಕೊಂಡು ಬಂದು ಮೈಕಿನ ಮುಂದೆ ನಿಂತಳು. ಗುಂಡಿ ಒತ್ತಿ ಬಾಯಿ ತೆರೆಯುವಷ್ಟರಲ್ಲಿ ಎರಡನೇ ಸಾಲಿನಿಂದ ಕೇಶವಮೂರ್ತಿಯ ದನಿ ಕೇಳಿತು. ಮ್ಯೂಟ್ ತೆಗೆದು, ಬಗ್ಗಿ ಕುಳಿತು, ಯಾವುದೋ ಸರ್ವರ್ ಯಾಕೆ ಕೆಟ್ಟಿತು ಎಂದು ಯಾರಿಗೋ ಸಮಜಾಯಿಷಿ ಕೊಡುತ್ತಿದ್ದ.

ಅವಳು ಮಾತಾಡಲಿಲ್ಲ, ಕಾದಳು. ಸಭೆಯೂ ಕಾಯಿತು. ಪಾಪ, ಇಂಗ್ಲಿಷ್ ಮರೆತುಹೋಗಿದೆ ಎಂದುಕೊಂಡು ಸಂಘದ ಅಧ್ಯಕ್ಷೆ ಹುಡುಗಿ ನೆರವಿಗೆ ಎದ್ದಳು. ನೀರಜಾ ಅವಳಿಗೆ ಕೂರಲು ಸನ್ನೆ ಮಾಡಿ, ತುಟಿಯ ಮೇಲೆ ಬೆರಳಿಟ್ಟು, ಮೈಕಿನಲ್ಲೇ ಹೇಳಿದಳು: "ರೀ, ನಾನು ಮೀಟಿಂಗಲ್ಲಿದೀನಿ."

ಅಲ್ಲಿ ಅವಳ ಮನೆಯವರಿಬ್ಬರನ್ನು ಬಿಟ್ಟರೆ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಆದರೂ ಸಭೆಗೆ ಸಭೆಯೇ ಎರಡನೇ ಸಾಲಿನ ಕಡೆ ತಿರುಗಿತು. ಮಧುರಾ ಅಪ್ಪನ ಕಿವಿಯಿಂದ ಇಯರ್‌ಫೋನ್ ಕಿತ್ತು ತನ್ನ ಬ್ಯಾಗಿಗೆ ಹಾಕಿಕೊಂಡು, "ಅಪ್ಪ, ಸುಮ್ನಿರು," ಎಂದಳು, ಅಚ್ಚ ಕನ್ನಡದಲ್ಲಿ.

ಆಮೇಲೆ ನೀರಜಾ ಇಂಗ್ಲಿಷಿನಲ್ಲಿ ತನ್ನ ಎರಡು ಮಾತು ಹೇಳಿದಳು. ಮನೆಯಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿರಲಿ ಎಂದು ಓದಲು ಶುರು ಮಾಡಿದೆ. ಈಗ ಅವರು ಎಷ್ಟು ಗಲಾಟೆ ಮಾಡಿದರೂ ನನಗೆ ಕೇಳಿಸುವುದಿಲ್ಲ, ಓದು ಅಷ್ಟು ಹಿಡಿಸಿದೆ ಎಂದಳು. ಜನ ನಕ್ಕು ಚಪ್ಪಾಳೆ ತಟ್ಟಿದರು. ಕೇಶವಮೂರ್ತಿ ನಗಲಿಲ್ಲ. ಮನೆಗೆ ಮರಳುವಾಗ ಫ್ರೀವೇಯಲ್ಲಿ, ಸಾಗರಶಾಸ್ತ್ರದಲ್ಲಿ ಏನೇನು ಹೇಳಿಕೊಡುತ್ತಾರೆ ಎಂದು ಕೇಳಿದ. ಅವಳು ಮನೆ ಬರುವವರೆಗೂ ಹೇಳಿದಳು.

ಮರುದಿನ ಬೆಳಿಗ್ಗೆ ಅವನ ಮೀಟಿಂಗ್ ನಡೆಯುತ್ತಿದ್ದಾಗಲೇ ಮಿಕ್ಸಿ ಗ್ಯಾರೇಜಿನಿಂದ ಅಡುಗೆಮನೆಗೆ ಬಂತು. ಗುರ್ ಎಂದು ಚಟ್ನಿ ತಿರುಗತೊಡಗಿತು. ಕೇಶವಮೂರ್ತಿ ಮಾತು ನಿಲ್ಲಿಸಿದ, ಹೆಂಡತಿಯ ಬೆನ್ನು ನೋಡಿದ, ಲ್ಯಾಪ್‌ಟಾಪ್ ಎತ್ತಿಕೊಂಡು ಗ್ಯಾರೇಜಿಗೆ ಹೋದ.