ಜಾಯ್ಸ್ ಹೇಳಿದ್ದಲ್ಲ, ಗ್ರೇಸ್

ಗ್ರೇಸ್ ಒಬ್ಬ ಗಂಡಸಿಗಾಗಿ ಧರ್ಮ ಬಿಟ್ಟಳೆಂಬ ಸುಳ್ಳನ್ನು ಹುಟ್ಟಿಸಿದವಳು ನಾನು. ಅದು ಗೆಳತಿ ಜಾಯ್ಸ್‌ಳ ಕೆಲಸವೆಂದು ಗ್ರೇಸ್ ಇಂದಿಗೂ ನಂಬಿದ್ದಾಳೆ — ನಂಬಿಸಿದವಳೂ ನಾನೇ.

ಗ್ರೇಸ್ ಮತ್ತು ನಾನು ದುಬೈಯ ಒಂದು ಕ್ಲಿನಿಕ್ಕಿನಲ್ಲಿ ನರ್ಸುಗಳಾಗಿದ್ದೆವು. ನಾನು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತಳು, ಅವಳು ಉಗಾಂಡದವಳು. ಅಲ್ಲಿನ ಅಲ್ ಕುಸೈಸ್ ಬಡಾವಣೆಯ ಒಂದೇ ಕೋಣೆಯಲ್ಲಿ ಐದು ವರ್ಷ ಇದ್ದೆವು. ಭಾನುವಾರ ಒಟ್ಟಿಗೆ ಇಗರ್ಜಿಗೆ ಹೋಗುತ್ತಿದ್ದೆವು. ಅಲ್ಲಿ ಅವಳು ತನ್ನ ನಾಡಿನವರ ಗಾಯನ ತಂಡದಲ್ಲಿ ಹಾಡುತ್ತಿದ್ದಳು.

ಒಂದು ಸಂಜೆ ಎದುರು ಕೂತು, ತಾನು ಇಸ್ಲಾಂ ಸ್ವೀಕರಿಸಿರುವುದಾಗಿ ಹೇಳಿದಳು. ಎರಡು ವರ್ಷ ಓದಿ, ಯೋಚಿಸಿ ತೆಗೆದುಕೊಂಡ ನಿರ್ಧಾರ. ಊರಿನಿಂದಲೂ ಗೆಳತಿಯಾದ ಜಾಯ್ಸ್‌ಳನ್ನು ಬಿಟ್ಟರೆ ನನಗೊಬ್ಬಳಿಗೇ ಹೇಳಿದ್ದು.

“ರಜೆಯಲ್ಲಿ ಊರಿಗೆ ಹೋಗಿ ಅಮ್ಮನಿಗೆ ನಾನೇ ಹೇಳ್ಬೇಕು. ಅಲ್ಲಿವರೆಗೆ ಯಾರಿಗೂ ಹೇಳ್ಬೇಡ.”

ಅವಳ ತಾಯಿ ಊರಿನ ಮಕ್ಕಳಿಗೆ ಬೈಬಲ್ ಕಲಿಸುವವರು. ನಾನು ತಲೆಯಾಡಿಸಿದೆ. ಒಳಗೆ ಮಾತ್ರ — ಏನದು? ನನ್ನ ವಿಶ್ವಾಸಕ್ಕೆ ನೋವಾಯಿತೆಂದು ಆಗ ಅಂದುಕೊಂಡೆ. ಅಲ್ಲ. ನನ್ನನ್ನು ಒಂದು ಮಾತು ಕೇಳದೆ ಹೋದಳಲ್ಲ ಎಂಬ ಸಿಟ್ಟು. ಅವಳು ನಮಾಜು ಮಾಡುವಾಗ ಮುಖದಲ್ಲಿರುತ್ತಿದ್ದ ಸಮಾಧಾನ ನನಗೆ ಎಂದೂ ಸಿಕ್ಕಿರಲಿಲ್ಲ...

ಅವಳು ಇಗರ್ಜಿಗೆ ಬಾರದ ಮೂರನೆಯ ಭಾನುವಾರ ಗಾಯನ ತಂಡದ ಹಿರಿಯ ಹೆಂಗಸು, ಗ್ರೇಸ್‌ಗೆ ಹುಷಾರಿಲ್ಲವೇ ಎಂದು ಕೇಳಿದರು. ಹೌದು ಎಂದಿದ್ದರೆ ಸಾಕಿತ್ತು.

“ಅವಳು ಮುಸ್ಲಿಮಳಾಗಿದ್ದಾಳೆ. ಯಾರನ್ನೋ ಮದುವೆ ಆಗ್ಲಿಕ್ಕೆ,” ಎಂದೆ.

ಯಾವ ಗಂಡಸೂ ಇರಲಿಲ್ಲ. ಬಾಯಿತಪ್ಪಿ ಬಂದ ಮಾತೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಬಾಯಿ ತಪ್ಪಿರಲಿಲ್ಲ.

ತಂಡದವರಿಂದ ಸುದ್ದಿ ಊರು ಮುಟ್ಟಿ, ನಾಲ್ಕೇ ದಿನಕ್ಕೆ ಗ್ರೇಸ್‌ಗೆ ತಾಯಿಯ ಫೋನು ಬಂತು. ದೇವರಿಗಾಗಿ ಹೋಗಿದ್ದರೆ ಜಗಳವಾಡಿಯಾದರೂ ಮಾತಾಡುತ್ತಿದ್ದೆ, ಗಂಡಸಿಗಾಗಿ ಹೋದವಳು ಈ ಮನೆಗೆ ಬರಬೇಡ ಎಂದರಂತೆ. ಗ್ರೇಸ್ ಎಷ್ಟು ಹೇಳಿದರೂ ನಂಬಲಿಲ್ಲ.

“ನೀನು ಹೇಳಿದ್ಯಾ?” ನನ್ನನ್ನು ಕೇಳಿದಳು.

“ಇಲ್ಲ. ಜಾಯ್ಸ್ ಇರ್ಬಹುದು.”

“ಖಲಾಸ್,” ಎಂದಳು, ಮೆಲ್ಲಗೆ. ಊರಿನ ಟಿಕೆಟ್ ರದ್ದು ಮಾಡಿದಳು. ಜಾಯ್ಸ್‌ಳೊಡನೆ ಮತ್ತೆ ಮಾತಾಡಲಿಲ್ಲ.

ಈಗ ಅವಳು ದೂರದ ಮದೀನತ್ ಜಾಯೆದ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸು. ಕಳೆದ ವರ್ಷ ತಾಯಿ ತೀರಿಕೊಂಡರು. ಮಣ್ಣು ಮಾಡಿದ ಮೇಲೆ ಇವಳಿಗೆ ತಿಳಿಯಿತು. ಅವಳು ಫೋನು ಮಾಡಿ ಅತ್ತದ್ದು ನನ್ನೊಡನೆ. “ನನಗೆ ಉಳಿದವಳು ನೀನೊಬ್ಬಳೇ,” ಎಂದಳು. ಆಗಲೂ ನಾನು — ಸಮಾಧಾನ ಹೇಳಿದೆ.

ಅವಳಿಗೆ ಬಾರದ ಭಾಷೆಯಲ್ಲಿ ಇದನ್ನು ಬರೆಯುತ್ತಿರುವುದೂ ಒಂದು ಬಗೆಯ ಅಡಗುವಿಕೆಯೇ. ಹಾಗಾಗಿ ನಿನ್ನೆ ಜಾಯ್ಸ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿ ಫೋನಿಟ್ಟಳು.

ಶನಿವಾರ ಮದೀನತ್ ಜಾಯೆದ್‌ಗೆ ಹೋಗಿ ಗ್ರೇಸ್‌ಗೂ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕ್ಷಮಿಸಿಬಿಡುವವಳು ಅವಳು.