ವೈನಿಯ ಹಿತ್ತಲಿಗೆ ತರಗೆಲೆ ಹೊತ್ತದ್ದು

ಮರದಿಂದ ಎಲೆ ಉದುರುವುದು ಮೊದಲು ನನಗೆ ಬರೀ ಸಿಟ್ಟಿನ ವಿಷಯವಾಗಿತ್ತು. ಗೋವಾದ ಫೋಂಡಾದಲ್ಲಿ ಒಂದು ಹೌಸಿಂಗ್ ಕಾಲನಿಯ ಕಸ ಗುಡಿಸುವುದು ನನ್ನ ಕೆಲಸ. ಸಂಕ್ರಾಂತಿ ಮುಗಿದು ಬಿಸಿಲು ಏರತೊಡಗಿದರೆ ಸಾಕು, ಅಲ್ಲಿಯ ಹಲಸು, ಮಾವು, ಸಾಗವಾನಿ ಮರಗಳು ಹಟಕ್ಕೆ ಬಿದ್ದಂತೆ ಎಲೆ ಉದುರಿಸುತ್ತವೆ. ಈ ತುದಿಯಿಂದ ಗುಡಿಸುತ್ತ ಹೋಗಿ ಆ ತುದಿಯಲ್ಲಿ ನಿಂತು ತಿರುಗಿ ನೋಡಿದರೆ ಗುಡಿಸಿದ್ದೇ ಸುಳ್ಳು ಅನ್ನಿಸಬೇಕು. ಮೊದಲೆಲ್ಲ ರಾಶಿ ಮಾಡಿ ಕಡ್ಡಿ ಗೀರುತ್ತಿದ್ದೆ. ಹೊಗೆ ಮೇಲಿನ ಮನೆಗಳಿಗೆ ನುಗ್ಗಿ ಒಣಹಾಕಿದ ಬಟ್ಟೆಗೆಲ್ಲ ವಾಸನೆ ಹಿಡಿಯುತ್ತದೆ ಎಂದು ಕಾಲನಿಯವರು ಒಂದು ದಿನ ಸುಡುವುದನ್ನೇ ನಿಲ್ಲಿಸಿದರು. ಸುಡಬೇಡ ಅಂದರು, ಸರಿ. ಮತ್ತೇನು ಮಾಡಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ.

ಅದೇ ವಾರ ನಮ್ಮ ಮನೆ ಮಾಲಕಿ ಹಿತ್ತಲಿಗೆ ಸಿಮೆಂಟಿನ ಬ್ಲಾಕ್ ಹಾಕಿಸುವ ಮಾತು ತೆಗೆದರು. ನಾವು ಗಂಡ ಹೆಂಡತಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇವೆ. ಅವರನ್ನು ನಾವು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇವೆ. ಕೊಂಕಣಿಯವರು, ಆದರೆ ನಮ್ಮ ವಿಜಯಪುರ ಕಡೆಯವರಿಗೇ ಕೋಣೆ ಕೊಟ್ಟು ಕೊಟ್ಟು ನಮ್ಮ ಮಾತು ಕಲಿತುಬಿಟ್ಟಿದ್ದಾರೆ. ಸಿಟ್ಟು ಬಂದಾಗ, ನಗು ಬಂದಾಗ ಮಾತ್ರ ಕೊಂಕಣಿ. ಅವರ ಹಿತ್ತಲು ಕೆಂಪು ಚಿರೆಕಲ್ಲಿನ ನೆಲ. ಬೇಸಿಗೆಯಲ್ಲಿ ಇಟ್ಟಂಗಿಯಷ್ಟು ಗಟ್ಟಿ, ಮಳೆಗಾಲದಲ್ಲಿ ರಾಡಿ. ಬ್ಲಾಕ್ ಹಾಕಿಸಿದರೆ ಪೀಡೆ ಕಳೆಯುತ್ತದೆ ಎಂಬುದು ಅವರ ಲೆಕ್ಕ. ಹಾಕುವ ಕೆಲಸ ಯಾರಿಗೆ? ಗೋಡೆ ಕಟ್ಟುವ ಗೌಂಡಿಯಾದ ನನ್ನ ಗಂಡನಿಗೆ.

ನಾವು ಗೋವಾಕ್ಕೆ ಬಂದು ಹನ್ನೆರಡು ವರ್ಷ ಆಗಿತ್ತು. ಅಷ್ಟು ವರ್ಷ ಇದ್ದ ಕೋಣೆಗಳಲ್ಲಿ ಹೊಸ್ತಿಲು ದಾಟಿದರೆ ಕಾಂಕ್ರೀಟು, ಇಲ್ಲವೇ ಗಟಾರ. ಎರೆಹೊಲದಲ್ಲಿ ಹುಟ್ಟಿ ಬೆಳೆದ ನಾನು ಒಂದು ಕಡ್ಡಿ ಕೊತ್ತಂಬರಿಯನ್ನೂ ಬೆಳೆದಿರಲಿಲ್ಲ. ಬಾಗಿಲು ತೆರೆದರೆ ಮಣ್ಣು ಕಾಣುವ ಮನೆ ಸಿಕ್ಕದ್ದು ಇದೇ ಮೊದಲು. ಅದನ್ನೂ ಮುಚ್ಚುತ್ತಾರೆ ಅಂದರೆ ನನ್ನಿಂದ ತಡೆಯಲಾಗಲಿಲ್ಲ.

"ವೈನಿ, ಹಿತ್ತಲ ನನಗ ಬಿಡ್ರಿ. ಕಾಯಿಪಲ್ಲೆ ಮಾಡಿ ತೋರಸ್ತೇನಿ," ಅಂದೆ.

"ಈ ಕಲ್ಲಿನ್ಯಾಗ? ಏನ್ ಹಾಕಿ ಮಾಡ್ತೀ?"

"ಎಲಿ ಹಾಕಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೇಳಿದರು: "ಚವತಿಗಿ ನಮ್ಮ ಮಂದಿ ಎಲ್ಲಾ ಬರ್ತಾರ. ಆವಾಗ ನನ್ನ ಹಿತ್ತಲ ಚಂದ ಕಾಣ್ಬೇಕು. ಕಂಡ್ರ ಹಿತ್ತಲ ನಿನಗ. ಇಲ್ಲಂದ್ರ ಮಳಿ ನಿಂತ ಮ್ಯಾಲ ಬ್ಲಾಕ್."

ಗಣೇಶ ಚವತಿಗೆ ಇನ್ನೂ ಆರು ತಿಂಗಳಿತ್ತು. ಒಪ್ಪಿದೆ. ನನ್ನ ಗಂಡ ಮಾತ್ರ ಆ ದಿನ ಊಟಕ್ಕೆ ಕೂತಾಗ ಮುಖ ಊದಿಸಿಕೊಂಡೇ ಇದ್ದ.

"ಮನಿ ಬಾಗಲಕ್ಕ ಬಂದ ಕೆಲಸಕ್ಕ ನೀನ ಕಲ್ಲ ಹಾಕಿದೆಲ್ಲ."

"ಕಲ್ಲ ಹಾಕೂದು ನಿಮ್ಮ ಕಸಬರಿ. ನಾ ಎಲಿ ಹಾಕಾಕಿ," ಅಂದೆ. ಅವನಿಗೆ ನಗು ಬಂತು, ಆದರೆ ನಗಲಿಲ್ಲ.

ಮರುದಿನದಿಂದ ಸಿಮೆಂಟಿನ ಖಾಲಿ ಚೀಲಗಳಿಗೆ ಎಲೆ ತುಂಬಿ ತಲೆಯ ಮೇಲೆ ಹೊತ್ತು ತರತೊಡಗಿದೆ. ದಾರಿಯಲ್ಲಿ ನಮ್ಮ ಕಡೆಯ ಒಬ್ಬ ಚಹಾದ ಗಾಡಿ ಇಟ್ಟಿದ್ದಾನೆ. "ಅಕ್ಕಾರ, ದಿನಾ ಏನ ಹೊತ್ತೊಯ್ತೀರಿ?" ಎಂದು ಕೇಳಿದ. ತರಗೆಲೆ ಅಂದೆ. ಮರುದಿನ ನನ್ನ ಗಂಡನನ್ನು ಕರೆದು "ಅಕ್ಕಾರ ಆರಾಮ ಅದಾರಿಲ್ರಿ?" ಎಂದು ವಿಚಾರಿಸಿದನಂತೆ. ಕಸ ಗುಡಿಸುವವಳು ಕಸವನ್ನು ಮನೆಗೇ ಒಯ್ಯುತ್ತಾಳೆ ಅಂದರೆ ಯಾರಿಗಾದರೂ ಅನುಮಾನ ಬಾರದೆ ಇರುತ್ತದೆಯೇ?

ನಮ್ಮ ಕಡೆ ಗೊಬ್ಬರ ಅಂದರೆ ತಿಪ್ಪೆ, ತಿಪ್ಪೆ ಅಂದರೆ ಗುಂಡಿ. ಆಳುದ್ದ ತೋಡಿ, ಕಸ ಕಡ್ಡಿ ಸಗಣಿ ಹಾಕಿ ಮುಚ್ಚಿದರೆ ಒಳಗೆ ತಂಪು ಉಳಿದು ಕೊಳೆಯುತ್ತದೆ. ಮೇಲೆ ಇಟ್ಟರೆ ನಮ್ಮ ಬಿಸಿಲಿಗೆ ಒಣಗಿ ಗಾಳಿಗೆ ಹಾರಿಹೋಗುತ್ತದೆ. ನಾನೂ ಗುಂಡಿಯನ್ನೇ ತೋಡಿದೆ. ಆ ಚಿರೆಕಲ್ಲಿಗೆ ಹಾರೆ ಹೊಡೆದರೆ ಕಿಡಿ ಬರುತ್ತಿತ್ತು, ಕೈಯಲ್ಲಿ ಬೊಬ್ಬೆ. ಗಂಡ ಎರಡು ಭಾನುವಾರ ಕಟ್ಟೆಯ ಮೇಲೆ ಕೂತು ನೋಡಿದ. ಮೂರನೇ ಭಾನುವಾರ ಅವನೊಳಗಿನ ಗೌಂಡಿಗೆ ತಡೆಯಲಾಗಲಿಲ್ಲ. "ಮೂಲಿ ಮಟ್ಟಕ್ಕಿಲ್ಲ, ಸರಿ ಅತ್ತಾಗ," ಎಂದು ಹಾರೆ ಕಸಿದುಕೊಂಡು, ದಾರ ಹಿಡಿದು ನಾಲ್ಕು ಮೂಲೆ ಕೆತ್ತಿದ. ಅಷ್ಟು ಚಂದದ ತಿಪ್ಪೆಗುಂಡಿಯನ್ನು ನಾನು ನಮ್ಮೂರಲ್ಲೂ ಕಂಡಿರಲಿಲ್ಲ.

ಒಂದು ಪದರ ಎಲೆ, ಒಂದು ಪದರ ಬೀದಿದನಗಳ ಸಗಣಿ, ಮೇಲೊಂದು ಮುಷ್ಟಿ ಮಣ್ಣು, ಬಟ್ಟೆ ಒಗೆದ ನೀರಲ್ಲ, ಅಕ್ಕಿ ತೊಳೆದ ನೀರು. ಹದಿನೈದು ದಿನಕ್ಕೆ ಒಳಗೆ ಕೈ ಹಾಕಿದರೆ ಬೆಚ್ಚಗೆ ಇತ್ತು. ದಿನಾ ಕೆಲಸದಿಂದ ಬಂದವಳೇ ಚಹಾಕ್ಕಿಂತ ಮೊದಲು ಗುಂಡಿಗೆ ಕೈ ಹಾಕಿ ನೋಡುತ್ತಿದ್ದೆ. ಹಾಗೆ ನೋಡುವುದರಲ್ಲಿ ಎಂಥದೋ ಸುಖವಿತ್ತು. ಗುಂಡಿ ತುಂಬಿ ಮಿಕ್ಕ ಚೀಲಗಳನ್ನು ತಗಡಿನ ಸೂರಿನ ಕೆಳಗೆ ಒಟ್ಟಿದೆ, ಅವುಗಳಿಂದ ಏನು ಮಾಡಬೇಕೆಂದು ಗೊತ್ತಿಲ್ಲದೆಯೇ.

ಜೂನ್ ತಿಂಗಳಲ್ಲಿ ಮಳೆ ಬಂತು. ಹನ್ನೆರಡು ವರ್ಷ ಗೋವಾದ ಮಳೆಯಲ್ಲಿ ನೆನೆದವಳು ನಾನು, ಆದರೂ ಗುಂಡಿ ತೋಡುವಾಗ ಅದು ನೆನಪೇ ಆಗಲಿಲ್ಲ ಅಂದರೆ ಯಾರು ನಂಬುತ್ತಾರೆ! ಕೈಗೆ ಹಾರೆ ಬಂದ ಕೂಡಲೇ ಬುದ್ಧಿ ಊರಿಗೆ ಹೋಗಿಬಿಟ್ಟಿತ್ತು. ಎರಡು ದಿನ ಬಿಡದೆ ಸುರಿದು ಮೂರನೇ ಬೆಳಗ್ಗೆ ಹಿತ್ತಲಿಗೆ ಹೋದರೆ ತಿಪ್ಪೆ ಇಲ್ಲ, ನಾಲ್ಕು ಮೂಲೆಯೂ ಮಟ್ಟಕ್ಕಿರುವ ಕೆರೆ ಇದೆ. ಎಲೆಗಳು ತೇಲುತ್ತಿದ್ದವು. ನಾರುತ್ತಿತ್ತು. ಒಂದು ಕಪ್ಪೆ ಸಾಗವಾನಿ ಎಲೆಯ ಮೇಲೆ ಆರಾಮಾಗಿ ಕೂತಿತ್ತು.

ಅಡುಗೆಮನೆ ಕಿಟಕಿಯಿಂದ ವೈನಿ ನೋಡಿದರು. "ಹೆಂ ಕಿತೆಂ ಗೊ?" ಎಂದರು, ಇದೇನೇ ಎಂದು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾವಿ ತೋಡೀ ಏನ? ಗೋವಾದಾಗ ಮಳಿಗಾಲಕ್ಕ ಯಾರರ ಕೆಳಗ ಏನರ ಇಡ್ತಾರ? ಇಲ್ಲಿ ಎಲ್ಲಾ ಮ್ಯಾಲ ಇಡಬೇಕು!"

ನಾನು ಒಳಗೆ ಬಂದು ಒಲೆಯ ಮುಂದೆ ಕೂತು ಅತ್ತೆ. ವೈನಿ ನಕ್ಕರೆಂದಲ್ಲ. ಆರು ತಿಂಗಳಲ್ಲಿ ನಾಲ್ಕು ಹೋಗಿದ್ದವು, ಕೈಯಲ್ಲಿದ್ದದ್ದು ಒಂದು ಕೊಳಚೆ ಗುಂಡಿ. ಹಿತ್ತಲು ಹೋಯಿತು ಅಂತಲೇ ತಿಳಿದೆ.

ಗಂಡನಿಗೆ ಮಳೆಯಿಂದ ಕೆಲಸಕ್ಕೆ ರಜೆ. ಅವನು ಪ್ಯಾಂಟು ಮಡಚಿ, ಗಾರೆ ಹೊರುವ ಬುಟ್ಟಿ ತೆಗೆದುಕೊಂಡು ಗುಂಡಿಗೆ ಇಳಿದ. ಆ ನಾತಕ್ಕೆ ಮೂಗು ಮುಚ್ಚಿಕೊಳ್ಳದೆ ಕೊಳೆತ ಎಲೆಯನ್ನೆಲ್ಲ ಬಗೆದು ಮೇಲೆ ಹಾಕಿದ. ಗುಂಡಿ ತೋಡಿದಾಗ ಎದ್ದಿದ್ದ ಚಿರೆಕಲ್ಲಿನ ಚೂರು ತಂದು ಗೋಡೆಯ ಬದಿಗೆ ಬಾವಿಕಟ್ಟೆಯಂತೆ ಸೊಂಟದೆತ್ತರ ಒಂದು ದುಂಡನೆಯ ಕಟ್ಟೆ ಎಬ್ಬಿಸಿದ.

"ಗಾರಿ ಹಚ್ಚಬ್ಯಾಡ್ರಿ, ಸಂದ ಬಿಡ್ರಿ. ನೀರು ಹರದು ಹೋಗ್ಬೇಕು," ಅಂದೆ.

"ಇಷ್ಟ ವರ್ಷ ಸಂದ ಮುಚ್ಚೂದ ಕಲತೇನಿ. ಈಗ ಸಂದ ಬಿಡು ಅಂತೀ," ಎಂದು ಗೊಣಗುತ್ತಲೇ ಬಿಟ್ಟ. ಎಲೆಯನ್ನೆಲ್ಲ ಅದರೊಳಗೆ ತುಂಬಿ ಮೇಲೆ ಹಳೆಯ ತಾಡಪತ್ರೆ ಹೊದಿಸಿದ. ಬ್ಲಾಕಿನ ಕೆಲಸ ಕೈತಪ್ಪಿದರೆ ಅವನಿಗೇ ಹಾನಿ, ಆದರೂ ಹಾಗೆ ಇಳಿದ. ಆ ದಿನ ನನಗೆ ಅವನ ಮೇಲೆ ಉಕ್ಕಿದ ಪ್ರೀತಿಯನ್ನು ನಾನು ಈವರೆಗೂ ಅವನಿಗೆ ಹೇಳಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾನೆ.

ಎರಡು ಏರುಮಡಿ ಮಾಡಿ, ಅರ್ಧ ಕೊಳೆತ ಎಲೆಯನ್ನು ಮಣ್ಣಿನಲ್ಲಿ ಬೆರೆಸಿ, ಪೇಟೆಯಿಂದ ತಂದ ಹೀರೆ, ಬೆಂಡೆ ಬೀಜ ಊರಿದೆ. ಸಂಜೆ ಒಂದು ಮಳೆ ಹೊಡೆಯಿತು ನೋಡಿ, ಮಡಿಯ ಮಣ್ಣು ಕೆಂಪು ನೀರಾಗಿ ಹರಿಯತೊಡಗಿತು. ಬೀಜವೂ ಹೋಗುತ್ತದಲ್ಲ! ತಡೆಯಲು ಏನೂ ಸಿಗದೆ ಸೂರಿನ ಕೆಳಗಿದ್ದ ಚೀಲಗಳನ್ನು ಬಿಚ್ಚಿ ಒಣ ಎಲೆಯನ್ನು ಗೇಣು ದಪ್ಪ ಹರಡಿಬಿಟ್ಟೆ. ನೀರು ತಟ್ಟನೆ ತಿಳಿಯಾಯಿತು. ಹನಿ ಬೀಳುತ್ತಿದ್ದದ್ದು ಎಲೆಯ ಮೇಲೆ, ಮಣ್ಣಿನ ಮೇಲಲ್ಲ.

ಸರಿ, ಆದರೆ ಕಣ್ಣಿಗೆ ಅದು ಕಸವೇ. ನಮ್ಮ ಕಡೆ ಹೊಲದಲ್ಲಿ ಒಂದು ಕಡ್ಡಿ ಬಿದ್ದಿದ್ದರೂ ಆ ಮನೆಯ ಹೆಂಗಸು ಸೋಮಾರಿ ಅನ್ನುತ್ತಾರೆ. ಬೆಳಗಾದರೆ ನನ್ನ ಕೈ ತಾನಾಗಿ ಕಸಬರಿಗೆ ಹುಡುಕುತ್ತಿತ್ತು. ಒಂದೆರಡು ಸಲ ಅರ್ಧ ಮಡಿ ಗುಡಿಸಿ, ನೆನಪಾಗಿ, ಮತ್ತೆ ಎಳೆದು ಹಾಕಿದ್ದೂ ಇದೆ. ವೈನಿ ಬಂದು ಮೂಗು ಮುರಿದು ಹೋದರು. ಸಾಗವಾನಿ ಎಲೆಗಳು ಕೊಡೆಯ ಹಾಗೆ ಮಲಗಿ ಕೆಳಗೆ ನೀರನ್ನೇ ಬಿಡುತ್ತಿರಲಿಲ್ಲ, ಅವನ್ನು ಆರಿಸಿ ಹರಿದು ಚೂರು ಮಾಡಿದೆ. ಹಲಸಿನ ಎಲೆಗಳು ಒಳ್ಳೆಯವು, ದೋಣಿಯಂತೆ ಮುದುಡಿ ನಡುವೆ ಗಾಳಿ ಬಿಡುತ್ತವೆ.

ಎಂಟನೇ ದಿನ ಒಂದು ಹಲಸಿನ ಎಲೆ ತಾನೇ ಅಲ್ಲಾಡಿದಂತಾಯಿತು. ಎತ್ತಿ ನೋಡಿದರೆ ಹೀರೆಯ ಮೊಳಕೆ, ಬಗ್ಗಿದ ಕುತ್ತಿಗೆಯ ಮೇಲೆ ಎಲೆಯನ್ನು ಹೊತ್ತುಕೊಂಡೇ ಎದ್ದಿತ್ತು. ನಾನು ಕೂಗಿದ ಕೂಗಿಗೆ ಗಂಡ ಸಾಬೂನು ಹಚ್ಚಿದ ಮುಖದಲ್ಲೇ ಓಡಿಬಂದ. ಹಾವು ಕಂಡೆನೆಂದು ತಿಳಿದನಂತೆ.

ಅಲ್ಲಿಂದ ಮುಂದೆ ಬರೀ ಸಂಭ್ರಮ. ಎಲೆ ಸರಿಸಿದರೆ ಕೆಳಗೆ ಎರೆಹುಳು, ಕೆಂಪು ನೆಲದ ಮೇಲೆ ನಾಲ್ಕು ಬೆರಳು ಕಪ್ಪು ಮಣ್ಣು. ಗಂಡ ಕಟ್ಟಡದ ಸಾರವೆಗೆ ಕಟ್ಟುವ ಬಿದಿರು ತಂದು ಚಪ್ಪರ ಹಾಕಿದ, ಅದರ ಕಂಬಗಳು ನೆಟ್ಟಗಿವೆಯೇ ಎಂದು ಓಳಂಬೆಯ ತೂಗುಗುಂಡು ಹಿಡಿದೂ ನೋಡಿದ. ಸಂಜೆಗೆ ಹಳದಿ ಹೂ ಅರಳುತ್ತಿದ್ದವು. ಕಾಯಿ ಜೋತುಬಿದ್ದವು. ಪಲ್ಯ ಮಾಡಿದೆ, ಸಿಪ್ಪೆಯ ಚಟ್ನಿ ಮಾಡಿದೆ, ಬೆಂಡೆ ಹುರಿದೆ. ವೈನಿಗೂ ಕೊಟ್ಟೆ. ಅವರು ತೆಗೆದುಕೊಳ್ಳುತ್ತಿದ್ದರು, ಚಂದ ಅಂತಲೂ ಇಲ್ಲ, ಬ್ಲಾಕ್ ಅಂತಲೂ ಇಲ್ಲ. ಅವರ ಬಾಯಿಂದ ಒಂದು ಮಾತು ಹೊರಡಲಿ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಚವತಿಗೆ ಎರಡು ದಿನ ಇದ್ದಾಗ ಅವರು ಹಿತ್ತಲಿಗೆ ಬಂದರು. ಇಲ್ಲಿಯವರು ಗಣಪತಿಯ ತಲೆಯ ಮೇಲೆ ಮಾಟೋಳಿ ಕಟ್ಟುತ್ತಾರೆ. ಮರದ ಚೌಕಟ್ಟು ತೂಗುಹಾಕಿ, ಅದಕ್ಕೆ ಕಾಡಿನ ಕಾಯಿ, ತೋಟದ ಹಣ್ಣು, ತರಕಾರಿ ಎಲ್ಲವನ್ನೂ ಜೋಡಿಸಿ ಕಟ್ಟುವುದು. ವೈನಿ ಚಪ್ಪರದ ಕೆಳಗೆ ಒಂದು ದೊಡ್ಡ ಹೀರೇಕಾಯಿ ನೋಡುತ್ತ ನಿಂತರು. ಎಲೆಯ ಮರೆಯಲ್ಲಿ ನನ್ನ ಕಣ್ಣು ತಪ್ಪಿಸಿ ಬಲಿತುಬಿಟ್ಟದ್ದು ಅದು, ಪಲ್ಯಕ್ಕೆ ಬಾರದ್ದು.

"ನಮ್ಮತ್ತಿ ಇದ್ದಾಗ ಮಾಟೋಳಿಗಿ ಈ ಹಿತ್ತಲದ್ದ ಕಾಯಿ ಇರ್ತಿತ್ತು," ಅಂದರು. "ಅವ್ರು ಹೋದ ಮ್ಯಾಲ ಎಲ್ಲಾ ಬಜಾರದಿಂದ." ಕಾಯಿಯನ್ನು ಮುಟ್ಟಿ ನೋಡಿ ಕೇಳಿದರು: "ಅದನ್ನ ನಾ ತಗೊಳ್ಳಲ್ಯಾ?"

ನೆಲ ಅವರದು. ಕೇಳಿದ್ದು ನನ್ನನ್ನು. ನಾನೇ ತೊಟ್ಟು ಕತ್ತರಿಸಿ ಅವರ ಕೈಗೆ ಕೊಟ್ಟೆ.

ಹಬ್ಬಕ್ಕೆ ಅವರ ಮಂದಿಯೆಲ್ಲ ಬಂದರು. ಮಾಟೋಳಿಯ ಸರಿ ನಡುವೆ ಹೀರೇಕಾಯಿ ತೂಗುತ್ತಿತ್ತು. ಬಂದವರಿಗೆಲ್ಲ ವೈನಿ ಅದನ್ನು ಬೆರಳು ಮಾಡಿ ತೋರಿಸಿ ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದರು, ಅವರೆಲ್ಲ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡುತ್ತಿದ್ದರು. ಬ್ಲಾಕಿನ ವಿಷಯ ಕೇಳಲು ನನಗೆ ಧೈರ್ಯ ಬರಲಿಲ್ಲ.

ಐದನೇ ದಿನ ಗಣಪತಿಯನ್ನು ಕಳಿಸಿ ಮಾಟೋಳಿ ಬಿಚ್ಚಿದರು. ಮರುದಿನ ಬೆಳಗ್ಗೆ ವೈನಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಅದೇ ಹೀರೇಕಾಯಿ, ಹಳದಿ ತಿರುಗಿ ಹಗುರಾಗಿತ್ತು. ಅಲ್ಲಾಡಿಸಿದರು, ಒಳಗೆ ಬೀಜ ಗಲಗಲ ಎಂದವು.

"ಒಣಗಿಸಿ ಬೀಜ ತಗದಿಡು," ಅಂದರು. "ಬರೂ ವರ್ಷಕ್ಕ ಆಗ್ತಾವ."