ರೋಮನ್ ರಸ್ತೆಯ ಮುನೀರ್ ಸಾಹೇಬರು

ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಬಳಗದ ಯಾರ ಮನೆಗೆ ಊಟಕ್ಕೆ ಬಂದರೂ ದಾವಣಗೆರೆಯ ಮುನೀರ್ ಸಾಹೇಬರು ಬಿರಿಯಾನಿ ತಿನ್ನುವುದಿಲ್ಲ, ಅಗೆಯುತ್ತಾರೆ. "ನೋಡ್ರೀ, ರೋಮನ್ನರ ರಸ್ತೆನೂ ಹಿಂಗೇ. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ-ಸುಣ್ಣ, ಕೊನೆಗೆ ಚಪ್ಪಡಿ," ಎಂದು ಚಮಚದಲ್ಲಿ ಪದರ ಬಿಡಿಸುವಷ್ಟರಲ್ಲಿ ಅನ್ನ ಆರಿರುತ್ತದೆ. ಆಟೋಬಾನ್ ಹೆದ್ದಾರಿ ಅಗೆದಿರುವ ಬೌಶ್ಟೆಲ್ಲೆ, ಅಂದರೆ ರಸ್ತೆ ಕಾಮಗಾರಿ, ಕಂಡರೆ ನಾವೆಲ್ಲ ಗೊಣಗುತ್ತೇವೆ. ಇವರು ಕಾರಿನ ಗಾಜು ಇಳಿಸಿ, ಗುಂಡಿಯ ಆಳ ನೋಡಿ, "ಎರಡು ಸಾವಿರ ವರ್ಷ ಬಾಳಲ್ಲ ಬಿಡ್ರಿ," ಎಂದು ತೀರ್ಪು ಕೊಡುತ್ತಾರೆ. ಅವರ ಪ್ರಕಾರ ರಸ್ತೆಯ ಬೆನ್ನು ಉಬ್ಬಿರಲೇಬೇಕು. ನೀರು ನಿಂತರೆ ಅದು ರಸ್ತೆಯಲ್ಲ, ಕೆರೆ. ಈ ಬೇಸಿಗೆಯಲ್ಲಿ ಮನೆಯ ಬಾಗಿಲಿಂದ ಗುಲಾಬಿ ಗಿಡದವರೆಗೆ ತಾವೇ ಒಂದು ರೋಮನ್ ದಾರಿ ಹಾಕಿದರು. ಪದರಗಳೆಲ್ಲ ಶಾಸ್ತ್ರೋಕ್ತ, ಬೆನ್ನು ಮಾತ್ರ ಚಪ್ಪಟೆ. ಮಳೆ ಬಂದಾಗಲೆಲ್ಲ ಸಾಹೇಬರೇ ಪೊರಕೆ ಹಿಡಿದು ನೀರು ಗುಡಿಸುತ್ತಾರೆ. "ಏನ್ ಸಾಹೇಬ್ರೇ, ಕೆರೆ ಕಟ್ಟಿದ್ರಾ?" ಎಂದು ಮೊನ್ನೆ ಕೆಣಕಿದೆ. ಅವರು ಬಾಗಿಲತ್ತ ನೋಡಿದರು. ಲಕ್ವ ಹೊಡೆದು ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಅವರ ಹೆಂಡತಿ ಶಮೀಮಾ, ಗಾಲಿಯ ವಾಕರ್ ತಳ್ಳಿಕೊಂಡು ಗುಲಾಬಿಯ ಕಡೆಗೆ ಹೊರಟಿದ್ದರು. "ಉಬ್ಬಿದ್ರೆ ಇವಳ ಗಾಡಿ ವಾಲುತ್ತೆ," ಎಂದರು ಸಾಹೇಬರು, ಗುಡಿಸುತ್ತಲೇ. "ರೋಮನ್ನರು ಸೈನ್ಯಕ್ಕೆ ಹಾಕಿದ್ರು. ನಾನು ಹೆಂಡ್ತಿಗೆ ಹಾಕೀನಿ."